ಎಡಕ್ಕೆ ಹಬ್ಬಿದ ಅವರೆ

ಅವರೆಯ ಎಲೆಯನ್ನು ಎರಡು ಬೆರಳ ನಡುವೆ ಹಿಸುಕಿದರೆ ಬರುವ ವಾಸನೆಗೆ ನನ್ನ ಬಳಿ ಸರಿಯಾದ ಹೆಸರಿಲ್ಲ. ಕಾಯಿಯ ಸೊಗಡು ಎಲ್ಲರಿಗೂ ಗೊತ್ತಿರುವುದೇ; ಎಲೆಯದು ಅದಲ್ಲ. ಹಸಿಯಾದ, ತುಸು ಒಗರಾದ, ನೆನೆದ ಗೋಣಿಚೀಲವನ್ನು ಬಿಸಿಲಿಗೆ ಹರಡಿದಾಗ ಏಳುವಂಥ ಘಾಟು. ಈಚೆಗೆ ನನ್ನ ಮಗಳ ಶಾಲೆಯಲ್ಲಿ ಮಕ್ಕಳಿಗೆ ಕಾಳು ಹಂಚಿ, ಮನೆಯಲ್ಲಿ ಬೆಳೆಸಿ ನೋಡಿ ಎಂದಿದ್ದರು. ನಾವಿಬ್ಬರೂ ಸೇರಿ ನೆಟ್ಟದ್ದರಲ್ಲಿ ಒಂದು ಉಳಿದು, ಮಹಡಿಯ ಮೇಲೆ ಹಳೆಯ ಪೇಂಟ್ ಬಕೆಟ್ಟಿನಲ್ಲಿ ಬಳ್ಳಿಯಾಯಿತು. ಹುಳು ತಿಂದ ಒಂದೆಲೆಯನ್ನು ಕಿತ್ತುಹಾಕಲು ಹೋದವಳು ಆ ಘಾಟು ಮೂಗಿಗೆ ಬಡಿದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. "ಎನ್ನಮ್ಮಾ ಆಚ್ಚು?" ಎಂದು ಮಗಳು ತಮಿಳಿನಲ್ಲಿ ಕೇಳಿದಳು. ಏನೂ ಆಗಿಲ್ಲ ಎಂದೆ. ಏನೂ ಆಗಿರಲಿಲ್ಲ, ನಿಜ. ಎಂದೋ ಆಗಬಹುದಾಗಿದ್ದೊಂದು ಆಗದೆ ಹೋದದ್ದು, ಇಷ್ಟು ವರ್ಷಗಳ ಮೇಲೆ, ಈಗಷ್ಟೇ ತಪ್ಪಿಹೋಯಿತೇನೋ ಎಂಬಂತೆ ನನ್ನನ್ನು ಅಲ್ಲಿ ಕೂರಿಸಿತ್ತು. ಅಂದು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಬೀದಿಗೆ ಮುಖ ಮಾಡಿದ ಜಗಲಿ, ನಮ್ಮ ಮಾತಿನಲ್ಲಿ ತಿಣ್ಣೆ, ಅದನ್ನು ದಾಟಿದರೆ ನಡುಮನೆ, ನಡುಮನೆಯ ತುಂಬ ಎರಡು ಗುಂಡಿಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಮ್ಮ, ನೆಲದೊಳಗಿನ ಗುಂಡಿಗೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದರು. ಮಗ್ಗದ ಸದ್ದಿಗೆ ನಾವು ಎಷ್ಟು ಒಗ್ಗಿದ್ದೆವೆಂದರೆ, ಅದು ನಿಂತಾಗಲೇ ನಮ್ಮ ಕಿವಿ ಎಚ್ಚರಾಗುತ್ತಿತ್ತು. ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ ಗೋಡೆಗೆ, ಹಾಸಿಗೆಗೆ, ನಮ್ಮ ತಲೆಗೂದಲಿಗೆ ಅಂಟಿಕೊಂಡಿತ್ತು. ಶಾಲೆಯಲ್ಲಿ ಯಾರು ಯಾವ ಬೀದಿಯವರೆಂದು ಕಣ್ಣುಮುಚ್ಚಿ ಹೇಳಬಹುದಿತ್ತು. ಬಾಗಿಲ ಪಕ್ಕ, ಬೆಳಕು ಬೀಳುವ ಕಡೆ, ಅಪ್ಪನ ತಾಯಿ, ನಮ್ಮಜ್ಜಿ, ರಾಟೆಯ ಮುಂದೆ ಕೂತಿರುತ್ತಿದ್ದಳು. ಲಾಳಿಯೊಳಗೆ ಕೂರಿಸುವ ಪುಟ್ಟ ಕಂಡಿಕೆಗಳಿಗೆ ನೂಲು ಸುತ್ತುವುದು ಅವಳ ಕೆಲಸ. ಅವಳ ಕೈ ಬಲಕ್ಕೆ ತಿರುಗುವುದನ್ನು ಬಿಟ್ಟು ಬೇರೇನೂ ಅರಿಯದು. ರಾಟೆ ಬಲಕ್ಕೆ, ಚೌಡಮ್ಮನ ಗುಡಿ ಸುತ್ತುವುದು ಬಲಕ್ಕೆ, ತುಳಸಿ ಗಿಡ ಸುತ್ತುವುದು ಬಲಕ್ಕೆ. ಎಡಕ್ಕೆ ಸುತ್ತುವುದು ಸತ್ತವರಿಗೆ ಮಾತ್ರ. ನಾವು ಆಟಕ್ಕೆ ಎಡಕ್ಕೆ ಗಿರ್ರನೆ ತಿರುಗಿದರೂ ಭುಜ ಹಿಡಿದು ಬಲಕ್ಕೆ ತಿರುಗಿಸಿಬಿಡುತ್ತಿದ್ದಳು.

ನನ್ನ ತಂಗಿ ಈಶ್ವರಿ ನನಗಿಂತ ಬಹಳ ಚಿಕ್ಕವಳು. ಶಾಲೆಗೆ ಸೇರಿಸುವ ವಯಸ್ಸು ಹತ್ತಿರಾದರೂ ಅವಳಿಗೆ ಮಾತು ಬಂದಿರಲಿಲ್ಲ. ಒಂದು ಪದವೂ ಇಲ್ಲ. ಕರೆದರೆ ತಿರುಗಿ ನೋಡುವಳು, ಹೇಳಿದ್ದನ್ನೆಲ್ಲ ಮಾಡುವಳು, ನಗುವಾಗ ಸದ್ದು ಕೂಡ ಬರುತ್ತಿತ್ತು. ಪಕ್ಕದ ಮನೆಯಾಕೆ ಅವಳನ್ನು ಮೂಗಿ ಎನ್ನುತ್ತಿರಲಿಲ್ಲ. ಕೆನ್ನೆ ಸವರಿ "ಪಾವಂ", ಅಯ್ಯೋ ಪಾಪ, ಎನ್ನುತ್ತಿದ್ದಳು. ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು. ಅಪ್ಪ ಅವಳನ್ನು ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದರು. ಅವರು ಕಿವಿ ನೋಡಿದರು, ನಾಲಗೆ ನೋಡಿದರು, ಎಲ್ಲ ಸರಿಯಾಗಿದೆ ಎಂದರು. ಆಮೇಲೆ ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಮನೆಯಲ್ಲೊಂದು ಬೀದಿಯಲ್ಲೊಂದು ಮಾತಾಡುವುದರಿಂದಲೇ ಮಗುವಿಗೆ ಗೊಂದಲ, ಇನ್ನು ತಮಿಳನ್ನೇ ಮಾತಾಡಿ. ಶಾಲೆ ತೆರೆಯುವ ಹೊತ್ತಿಗೂ ಮಾತು ಬರದಿದ್ದರೆ ಮದ್ರಾಸಿನಲ್ಲಿ ಇಂಥ ಮಕ್ಕಳಿಗೆಂದೇ ಹಾಸ್ಟೆಲ್ ಇರುವ ಶಾಲೆಯುಂಟು, ಅಲ್ಲಿ ಬಿಡುವುದು ಒಳ್ಳೆಯದು ಎಂದರಂತೆ.

ಮನೆಗೆ ಬಂದ ಅಪ್ಪ ತಿಣ್ಣೆಯ ಮೇಲೆ ಕೂತು ಅಜ್ಜಿಗೆ ಅದನ್ನೆಲ್ಲ ಹೇಳಿದರು. "ಇನ್‌ಮ್ಯಾಕೆ ಪಾಪ ಕೂಡೆ ಕನ್ನಡ ಬ್ಯಾಡ ಕಣವ್ವ. ತಮಿಳೇ ಪೇಸ್ಬೇಕಂತೆ. ಎರಡೂ ಸೇರಿ ಮಗೀಗೆ ಕುಳಪ್ಪ ಆಗೈತಂತೆ."

ಅಜ್ಜಿ ರಾಟೆ ನಿಲ್ಲಿಸಿದಳು. "ನನ್ ಮಾತಿಂದಾನಾ?"

"ನಿನ್ ಒಬ್ಬಳದ್ದಲ್ಲ. ಎಲ್ಲಾರ್ದೂ."

"ನಾನೇ ಅಲ್ವಾ ಅದ್ರ ಕೂಡೆ ಇಡೀ ದಿನ ಇರೋದು," ಎಂದಳು ಅಜ್ಜಿ. "ಸರಿ ಬುಡು," ಎಂದು ಮತ್ತೆ ರಾಟೆ ಹಿಡಿದಳು.

ಅಜ್ಜಿಗೆ ತಮಿಳು ಬರುತ್ತಿರಲಿಲ್ಲ ಎಂದಲ್ಲ. ತರಕಾರಿಯವಳ ಜೊತೆ, ಬಸ್ ಕಂಡಕ್ಟರ ಜೊತೆ ಅವಳು ತಮಿಳಿನಲ್ಲಿ ಆಡುತ್ತಿದ್ದ ಜಗಳ ಕೇಳಲು ಜನ ನಿಲ್ಲುತ್ತಿದ್ದರು. ಆದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅವಳ ಬಾಯಿಗೆ ತಮಿಳು ಬರುತ್ತಿರಲಿಲ್ಲ. ಸಮಾಧಾನ ಮಾಡುವ ಮಾತು, ಉಣಿಸುವಾಗಿನ ಮಾತು, ಹುಸಿಗೋಪದ ಬೈಗುಳ, ಎಲ್ಲ ಅವಳೊಳಗೆ ಕನ್ನಡದಲ್ಲೇ ಇದ್ದವು. ಆದ್ದರಿಂದ ಅವಳು ಈಶ್ವರಿಯ ಎದುರಲ್ಲಿ ಬಾಯಿಯನ್ನೇ ಮುಚ್ಚಿಬಿಟ್ಟಳು. ಉಳಿದ ನಾವು ಹೇಗೋ ತಮಿಳಿನಲ್ಲಿ ದಿನ ನೂಕಿದೆವು. ಅಮ್ಮ ನಮ್ಮನ್ನು ತಮಿಳಿನಲ್ಲಿ ಬೈಯಲು ಹೋದರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗಿರುತ್ತಿತ್ತು, ಯಾರಿಗೂ ಭಯವಾಗುತ್ತಿರಲಿಲ್ಲ. ಆದರೆ ಮಾತು ಬಾರದ ಮಗುವೂ ಮಾತು ಬಿಟ್ಟ ಅಜ್ಜಿಯೂ ಬಾಗಿಲ ಬೆಳಕಿನಲ್ಲಿ ಅಕ್ಕಪಕ್ಕ ಕೂತಿರುವುದನ್ನು ನೋಡುವುದು ಕಷ್ಟವಾಗುತ್ತಿತ್ತು. ನಿಮ್ಮ ಮನೆಯಲ್ಲೂ ಒಬ್ಬರು ಮಾತು ನಿಲ್ಲಿಸಿ ಮನೆಯೇ ಬೇರೆಯಾದದ್ದು ಉಂಟಾದರೆ, ನಾನು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಅಮ್ಮನ ಅಣ್ಣ ಬಂದರು. ನಂಗವಳ್ಳಿ ಕಡೆಯವರು, ಮಗ್ಗ ಬಿಟ್ಟು ಹೊಲ ಹಿಡಿದಿದ್ದರು. ಬಂದವರೇ ಅಜ್ಜಿಯ ಮುಖ ನೋಡಿ, "ಏನತ್ತೆ, ಬಾಯ್ಗೆ ಬೀಗ ಆಕ್ಬುಟ್ರಾ? ನೀವು ಸುಮ್ಕಿರೋದು ನೋಡುದ್ರೆ ಯಾರ್ದೋ ಮನೇಗೆ ಬಂದಂಗೈತಲ್ಲ," ಎಂದರು. ಅಮ್ಮ ಅವರನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದಳು. "ನಮ್ಮೂರ್ನಾಗೆ ಎಲ್ಲಾ ಮಕ್ಳೂ ಎರಡೂ ಪೇಸ್ತವೆ. ಯಾವುದ್ರ ಬಾಯಿ ಕಟ್ಟೈತೆ?" ಎಂದರು ಮಾವ, ಮಗ್ಗದಲ್ಲಿದ್ದ ಅಪ್ಪನಿಗೂ ಕೇಳಲೆಂದು ಸ್ವಲ್ಪ ಗಟ್ಟಿಯಾಗಿ. ಅಪ್ಪ ಲಾಳಿ ನಿಲ್ಲಿಸದೆ, "ಡಾಕ್ಟ್ರು ನೀವಾ ಅವ್ರಾ ಬಾವಾ?" ಎಂದರು. ಮಾವ ಹೊರಡುವಾಗ ಟವೆಲಿನ ತುದಿಯ ಗಂಟು ಬಿಚ್ಚಿ, ಬೆನ್ನ ಮೇಲೆ ಬಿಳಿಗೆರೆಯಿದ್ದ ಅವರೆಕಾಳುಗಳನ್ನು ಈಶ್ವರಿಯ ಅಂಗೈಗೆ ಸುರಿದು, "ಅಜ್ಜಿ ಕೂಡೆ ಸೇರಿ ನೆಡು. ಗಿಡಕ್ಕೆ ಯಾವ ಬಾಸೆನೂ ಬೇಕಿಲ್ಲ," ಎಂದು ಹೋದರು.

ಅಂಚು ಸೀಳಿ ಮೂಲೆ ಸೇರಿದ್ದ ಗಂಜಿಯ ಮಡಕೆಗೆ ಹಿತ್ತಲ ಮಣ್ಣು ಮತ್ತು ಗೊಬ್ಬರ ತುಂಬಿ ಅಜ್ಜಿ ತಿಣ್ಣೆಯ ಕೆಳಗಿಟ್ಟಳು. ಬೆರಳಿನಿಂದ ಮಣ್ಣಿನಲ್ಲಿ ಕುಳಿ ಮಾಡಿ ತೋರಿಸಿದಳು. ಈಶ್ವರಿ ಹಾಗೆಯೇ ಮಾಡಿ ಕಾಳನ್ನು ಒಳಗೆ ಒತ್ತಿದಳು. ನೀರು ಎಷ್ಟು ಎಂಬುದನ್ನು ಅಜ್ಜಿ ಅಂಗೈ ಬಟ್ಟಲು ಮಾಡಿ ತೋರಿಸಿದಳು. ಎಲ್ಲವೂ ಸನ್ನೆಯಲ್ಲಿ. ಮೊಳಕೆ ಮಣ್ಣನ್ನು ಬೆನ್ನಿಂದ ಎತ್ತಿಕೊಂಡು ಬಾಗಿಯೇ ಮೇಲೆ ಬಂದ ಬೆಳಿಗ್ಗೆ ಈಶ್ವರಿ ಓಡಿಬಂದು ನನ್ನ ಲಂಗ ಹಿಡಿದೆಳೆದಳು, ಅಜ್ಜಿಯ ಸೆರಗು ಹಿಡಿದೆಳೆದಳು, ಮಗ್ಗದಲ್ಲಿ ಕೂತಿದ್ದ ಅಪ್ಪನ ಕಿವಿಯನ್ನೇ ಹಿಡಿದೆಳೆದಳು. ಆಮೇಲಿನ ದಿನಗಳಲ್ಲಿ ಅವಳು ಆ ಮಡಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಷ್ಟು ಗಮನವಿಟ್ಟು ಯಾರಾದರೂ ಏನನ್ನಾದರೂ ನೋಡುವುದನ್ನು ನಾನು ಮತ್ತೆ ಕಂಡಿಲ್ಲ.

ಎರಡು ಬಳ್ಳಿ ಉಳಿದವು. ಅಜ್ಜಿ ಮಗ್ಗದ ಹಾಸು ನೇಯ್ದು ಮುಗಿದಾಗ ಮಿಕ್ಕುವ ಗಟ್ಟಿ ನೂಲನ್ನು ಹುರಿ ಮಾಡಿ, ಮಡಕೆಯಿಂದ ಮೇಲಿನ ತೊಲೆಗೆ ಬಿಗಿದು ಕಟ್ಟಿದಳು. ಕುಡಿಗಳನ್ನು ಆ ಹುರಿಗೆ ಸುತ್ತಿದಳು. ಕಂಡಿಕೆ ಸುತ್ತುವ ಕೈ, ಗುಡಿ ಸುತ್ತುವ ಮೈ. ಸುತ್ತಿದ್ದು ಬಲಕ್ಕೆ, ಎಷ್ಟು ಅಂದವಾಗಿ ಎಂದರೆ ಸುತ್ತಿನ ನಡುವಿನ ಅಂತರವೆಲ್ಲ ಒಂದೇ. ಮರುದಿನ ನೋಡಿದರೆ ಕುಡಿಗಳು ಸಡಿಲಾಗಿ ಗಾಳಿಯಲ್ಲಿ ತೂಗುತ್ತಿದ್ದವು. ಅಜ್ಜಿ ಮತ್ತೆ ಸುತ್ತಿದಳು. ಮತ್ತೆ ಬಿಚ್ಚಿಕೊಂಡವು. ಒಮ್ಮೊಮ್ಮೆ ಅವು ಬಿಚ್ಚಿ, ಎಡಕ್ಕೆ ಸುತ್ತಿಕೊಂಡೂ ಇರುತ್ತಿದ್ದವು. ಆಗ ಅಜ್ಜಿಯ ಮುಖ ಕಪ್ಪಿಡುತ್ತಿತ್ತು. ಬಾಗಿಲ ಎದುರಿಗೇ ಎಡಸುತ್ತು. ಮಗು ಆಟಕ್ಕೆ ಮಾಡುತ್ತಿದೆ ಎಂದುಕೊಂಡು ಈಶ್ವರಿಯನ್ನು ದುರುಗುಟ್ಟಿ ನೋಡಿದಳು, ಬೆರಳಾಡಿಸಿದಳು, ಒಮ್ಮೆ ಕೈಯ ಮೇಲೆ ಮೆಲ್ಲಗೆ ಹೊಡೆದಳು ಕೂಡ. ನೇಯುವ ಮನೆಯ ನಮಗೆ ಯಾರಿಗೂ ಹೊಳೆಯಲಿಲ್ಲ. ಸುತ್ತುವುದೆಂದರೆ ನಾವು ಸುತ್ತುವುದು. ಸುತ್ತಿಸಿಕೊಳ್ಳುವ ವಸ್ತುವಿಗೆ ತನ್ನದೇ ಒಂದು ದಿಕ್ಕಿರುತ್ತದೆ ಎಂದು ನೂಲಿನ ಜೊತೆ ಬದುಕಿದವರಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ, ಊಟ ಮುಗಿದು ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ನಾನು ಅಜ್ಜಿಯ ಜಾಗದಲ್ಲಿ ರಾಟೆ ಹಿಡಿದಿದ್ದೆ. ಬಾಗಿಲಿನಿಂದ ಮಡಕೆ ನೇರ ಕಾಣುತ್ತಿತ್ತು. ಎರಡು ಬಳ್ಳಿಯೂ ಎಡಕ್ಕೆ ಸುತ್ತಿಕೊಂಡಿದ್ದವು. ಅಜ್ಜಿ ಒಂದನ್ನು ಬಿಚ್ಚಿದಳು. ಈಶ್ವರಿ ಅವಳ ಮಣಿಕಟ್ಟು ಹಿಡಿದಳು. ಅಜ್ಜಿ ಕೈ ಕೊಸರಿಕೊಂಡು ಬಳ್ಳಿಯನ್ನು ಬಲಕ್ಕೆ ಒತ್ತಿ ತಿರುಗಿಸಿದಳು, ಅದು ಚಟ್ಟೆಂದು ಮುರಿಯಿತು. ಮುರಿದ ಕುಡಿ ಅಜ್ಜಿಯ ಕೈಯಲ್ಲೇ ಉಳಿಯಿತು.

"ಅಂಗಲ್ಲ ಅಜ್ಜೀ," ಎಂದಳು ಈಶ್ವರಿ. "ಇಂಗೆ."

ಇನ್ನೊಂದು ಬಳ್ಳಿಯ ತುದಿಯನ್ನು ತೋರುಬೆರಳಿನಿಂದ ಎಡಗಡೆಗೆ ನಡೆಸಿ ತೋರಿಸಿದಳು. ದನಿ ಸ್ವಲ್ಪ ಒರಟಾಗಿತ್ತು, ನಿದ್ದೆಯಿಂದ ಎದ್ದವರ ದನಿಯಂತೆ. ನನ್ನ ಕೈಯಲ್ಲಿ ನೂಲು ತುಂಡಾಯಿತು. ಅಜ್ಜಿ ಮುರಿದ ಕುಡಿ ಹಿಡಿದೇ ಬೀದಿಯ ಮಣ್ಣಿನಲ್ಲಿ ಕೂತಳು.

"ಇನ್ನೊಂದ್ಸಲ ಯೋಳು," ಎಂದಳು. ಎಷ್ಟೋ ದಿನದ ಮೇಲೆ ಅವಳು ಆ ಮಗುವಿಗೆ ಆಡಿದ ಮೊದಲ ಮಾತು ಅದು.

"ಅದು ಇಂಗೇ ಓಯ್ತದೆ. ನೀನು ಅಂಗ್ ಮಾಡ್ತೀಯ. ಅದುಕ್ಕೆ ಬೀಳ್ತದೆ."

"ಎಡಕ್ಕಾ ಓಯ್ತದೆ?"

"ಎಡ ಅಂದ್ರೆ?" ಎಂದು ಕೇಳಿದಳು ಈಶ್ವರಿ.

ಅಷ್ಟರಲ್ಲಿ ಒಳಗಿನಿಂದ ಅಪ್ಪ ಹಲ್ಲಿನ ನಡುವೆ ನೂಲು ಕಚ್ಚಿಕೊಂಡೇ ಬಂದರು, ಹಿಂದೆ ಅಮ್ಮ. "ಪೇಸ್ತು ಕಣ್ಲಾ," ಎಂದಳು ಅಜ್ಜಿ. "ಕನ್ನಡದಾಗೇ ಪೇಸ್ತು. ಡಾಕ್ಟ್ರು ಬೈತಾರಾ?" ಅದನ್ನು ಅವಳು ತಮಾಷೆಗೆ ಕೇಳಲಿಲ್ಲ, ನಿಜವಾಗಿ ಹೆದರಿಯೇ ಕೇಳಿದಳು. ಅಪ್ಪ ಬಾಯಿಂದ ನೂಲು ತೆಗೆದರು. ಈಶ್ವರಿಯ ಮುಂದೆ ಕೂತು, "ಏನಮ್ಮಿ ಅಂದೆ? ನಂಗೂ ಯೋಳು," ಎಂದರು, ತಾವೇ ಹಾಕಿದ ಕಟ್ಟನ್ನು ತಾವೇ ಮುರಿದು. ಈಶ್ವರಿ ಅವರಿಗೂ ಬಳ್ಳಿ ಹೇಗೆ ಹೋಗುತ್ತದೆಂದು ವಿವರಿಸಿದಳು, ದಡ್ಡರಿಗೆ ಹೇಳುವ ತಾಳ್ಮೆಯಿಂದ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ಅಳುತ್ತಿದ್ದಳು. ಆ ಮಧ್ಯಾಹ್ನ ಮಗ್ಗ ಶುರುವಾಗಲೇ ಇಲ್ಲ.

ಬಳ್ಳಿಯೇ ಅವಳ ಬಾಯಿ ಬಿಡಿಸಿತೆಂದು ನಾನು ಹೇಳುವುದಿಲ್ಲ. ಮಾತು ಅವಳೊಳಗೆ ಮೊದಲೇ ಇಡಿಯಾಗಿ ಇತ್ತೆಂದು ಮಾತ್ರ ಹೇಳಬಲ್ಲೆ. ನಾವು ತಪ್ಪು ಮಾಡುವುದನ್ನು ಇನ್ನು ನೋಡಲಾರೆನೆನ್ನಿಸಿದಾಗ ಅದನ್ನು ಹೊರಗೆ ತಂದಳು. ಮದ್ರಾಸಿನ ಹಾಸ್ಟೆಲಿನ ಸುದ್ದಿ ಮನೆಯಲ್ಲಿ ಮತ್ತೆ ಬರಲಿಲ್ಲ. ತಮಿಳು ಅವಳಿಗೆ ಬೀದಿಯಲ್ಲಿ ತಾನಾಗಿ ಬಂತು, ನಮಗೆಲ್ಲ ಬಂದ ಹಾಗೆ. ಉಳಿದ ಒಂದು ಬಳ್ಳಿ ತೊಲೆ ಮುಟ್ಟಿ ನೇರಳೆ ಹೂ ಬಿಟ್ಟಿತು, ಕಾಯಿ ಒಂದು ಹೊತ್ತಿನ ಸಾರಿಗೂ ಸಾಲದಷ್ಟು. ಮಾವ ಮತ್ತೆ ಬಂದಾಗ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೇಯೋರ ಕೈಗೆ ಗಿಡ ಕೊಟ್ರೆ ಇನ್ನೇನಾಯ್ತದೆ. ಸೀರೆ ಸುತ್ತೋಕೆ ಓಗವ್ರೆ." ಅಜ್ಜಿ ಬಿಡಲಿಲ್ಲ. "ಎಡಸುತ್ತು ಕೆಟ್ಟದ್ದಲ್ವೇನಪ್ಪ?" ಎಂದಳು. "ಅದೇನು ನಿಮ್ ಗುಡೀಗೆ ಬಂದೈತಾ ಅತ್ತೆ, ಸುತ್ತು ಕಲಿಯಾಕೆ?" ಎಂದರು ಮಾವ. ಅಜ್ಜಿ ನಕ್ಕಳು, ಆಮೇಲೆ ಆ ಬಳ್ಳಿಯ ತಂಟೆಗೆ ಹೋಗಲಿಲ್ಲ.

ಆ ನಡುಮನೆ ಈಗಿಲ್ಲ. ಮಗ್ಗಗಳನ್ನು ಬಿಚ್ಚಿ, ಗುಂಡಿಗಳಿಗೆ ಮರಳು ತುಂಬಿ ಸಿಮೆಂಟು ಬಳಿದರು. ಆಮೇಲೆ ಮನೆಯೇ ಕೈಬಿಟ್ಟಿತು. ತಿಣ್ಣೆಯಿದ್ದಲ್ಲಿ ಕಬ್ಬಿಣದ ಶಟರ್ ಇಳಿಬಿದ್ದಿದೆ, ಒಳಗೆ ಮೊಬೈಲ್ ರಿಪೇರಿ ಅಂಗಡಿ. ಆದರೆ ಅಜ್ಜಿ ಹೋದದ್ದು ಅದಕ್ಕೂ ಮೊದಲು, ಮಗ್ಗಗಳು ಇನ್ನೂ ಆಡುತ್ತಿದ್ದಾಗ, ಅದೇ ನಡುಮನೆಯಲ್ಲಿ. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಅವಳ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಪಾಪಿರೆಡ್ಡಿಪಟ್ಟಿಗೆ ಮದುವೆಯಾಗಿ ಹೋಗಿದ್ದ ಈಶ್ವರಿ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು, ಕೂತರೆ ಮಾತು. ಅತ್ತೆಮನೆಯ ಸುದ್ದಿ, ಸಂತೆಯ ಸುದ್ದಿ, ಬಸ್ಸಿನ ಸುದ್ದಿ. ನಮಗೆ ತಲೆನೋವು ಬರುತ್ತಿತ್ತು. ಅಜ್ಜಿ ಮಲಗಿದಳೇನೋ ಎಂದು ಅವಳು ಸ್ವಲ್ಪ ನಿಲ್ಲಿಸಿದರೆ, ಕಣ್ಣು ಮುಚ್ಚಿಕೊಂಡೇ ಅಜ್ಜಿ, "ಊಂ, ಆಮ್ಯಾಕೆ?" ಎನ್ನುತ್ತಿದ್ದಳು.

ಆ ದಿನ ಈಶ್ವರಿ ಬಸ್ಸಿನಲ್ಲಿ ಕೋಳಿಯನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಹತ್ತಿದ ಒಬ್ಬ ಹೆಂಗಸಿನ ಕಥೆ ಹೇಳುತ್ತಿದ್ದಳು. ಕಂಡಕ್ಟರ್ ಹತ್ತಿರ ಬಂದಾಗ ಕೋಳಿ ಕೂಗುವಲ್ಲಿಗೆ ಬಂದು, ಎಂದಿನಂತೆ ನಿಲ್ಲಿಸಿದಳು. ಊಂ ಬರಲಿಲ್ಲ. ಅವಳು ನನ್ನತ್ತ ನೋಡಿದಳು. ನಾನು ಅಜ್ಜಿಯ ಎದೆಯ ಮೇಲೆ ಕೈಯಿಟ್ಟೆ. ಅದು ಏರಿಳಿಯುತ್ತಿರಲಿಲ್ಲ. ಈಶ್ವರಿ ಅಜ್ಜಿಯ ಕಡೆಗೇ ತಿರುಗಿ, ಅದೇ ದನಿಯಲ್ಲಿ ಮುಂದುವರಿಸಿದಳು. ಕಂಡಕ್ಟರ್ ನಕ್ಕದ್ದು, ಕೋಳಿಗೂ ಟಿಕೆಟ್ ಹರಿದದ್ದು, ಆ ಹೆಂಗಸು ತನ್ನ ಊರು ಬಂದಾಗ ಚೀಲ ಎತ್ತಿಕೊಂಡು ಇಳಿದದ್ದು. ಅವಳು ಇಳಿದು ಬಸ್ಸು ಹೊರಡುವವರೆಗೂ ಹೇಳಿ ಮುಗಿಸಿ, ಆಮೇಲೆ ಸುಮ್ಮನಾದಳು.