ಬಿಲ್ಲು ಹಿಡಿದ ವೈಕುಂಠ ಕಾಮತರು

ಡ್ಯಾನ್‌ವಿಲ್‌ನ ನಮ್ಮ ವೈಕುಂಠ ಕಾಮತರು ಐವತ್ತಾರನೇ ವಯಸ್ಸಿನಲ್ಲಿ ಕಯೋಟಿ ಬೇಟೆಗೆಂದು ಬಿಲ್ಲು ಹಿಡಿದರು ನೋಡಿ, ಅಂದಿನಿಂದ ಅವರ ಮನೆಯಲ್ಲಿ ಶುಕ್ರವಾರ ಒಗ್ಗರಣೆ ಇಲ್ಲ. ಅಮೆರಿಕದ ಈ ಗುಳ್ಳೆನರಿಯ ಮೂಗು ಬಲು ಚುರುಕಂತೆ. ಇಂಗಿನ ಘಮ ಬಟ್ಟೆಗೆ ಹತ್ತಿದರೆ ಶನಿವಾರದ ಬೇಟೆ ಕೆಟ್ಟಿತು. "ನಿಮ್ಮ ನರಿಗೆ ಇಂಗು ಆಗುದಿಲ್ಲಾಂತ ನಾನು ಸಪ್ಪೆ ಸಾರು ಉಣ್ಣುದಾ ಮಾರಾಯ್ರೆ?" ಎಂದು ಹೆಂಡತಿ ರತ್ನಾವತಿ ಕೇಳಿದರೆ, "ಒಂದು ದಿನ ಸುಧಾರ್ಸು" ಎನ್ನುತ್ತ ಬೇಟೆಯ ಅಂಗಿಯನ್ನು ಹಿತ್ತಲ ನಿಂಬೆಗಿಡದ ಮೇಲೆ ಹರಡುತ್ತಾರೆ. ಫ್ರೀವೇಯಲ್ಲಿ ಕಾರುಗಳು ಸಾಲಾಗಿ ನಿಂತಾಗ, ಕಯೋಟಿಯನ್ನು ಸೆಳೆಯಲೆಂದು ಗಾಯಗೊಂಡ ಮೊಲದಂತೆ ಕಿರುಚುವ ಸೀಟಿ ಊದಿ ಅಭ್ಯಾಸ ಮಾಡುತ್ತಾರೆ; ಪಕ್ಕದ ಕಾರಿನವರು ಗಾಜು ಏರಿಸಿಕೊಳ್ಳುತ್ತಾರೆ. ಆಫೀಸಿಗೆ ಹೊರಡುವ ಮುನ್ನ ಗರಾಜಿನಲ್ಲಿ ಗುರಿಗೆ ಒಂದೇ ಬಾಣ, ಏಕೆಂದರೆ "ಎರಡನೇದಕ್ಕೆ ಅದು ಕಾಯುದಿಲ್ಲ." ಮೊದಮೊದಲು ಎಲ್ಲವೂ ಇತ್ತು, ಬೇಟೆಯಾಡಲು ನೆಲವೊಂದೇ ಇರಲಿಲ್ಲ. ದನಕುರಿ ಸಾಕುವ ಏಳು ರಾಂಚುಗಳ ಒಡೆಯರು ತಮ್ಮ ನೆಲದಲ್ಲಿ ಬೇಟೆ ಬೇಡವೆಂದ ಮೇಲೆ, ಕಯೋಟಿಗೆ ಕುರಿಮರಿಗಳನ್ನು ಕಳೆದುಕೊಂಡಿದ್ದ ಮಾರ್ಲಾ ಎಂಬ ರಾಂಚಿನ ಅಜ್ಜಿ, "ಒಂದು ಬೆಳಿಗ್ಗೆ ಬನ್ನಿ, ನಾನೂ ಜೊತೆಗಿರುತ್ತೇನೆ. ನೋಡಿ ಹೇಳುತ್ತೇನೆ" ಎಂದಳು. ಅಂದು ಸೀಟಿಗೆ ಕಯೋಟಿ ಬಂದೇಬಂತು, ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು. ಕಾಮತರು ಹೆದೆ ಎಳೆದರು. ಅದು ಎದುರುಮುಖವಾಗಿಯೇ ನಿಂತಿತ್ತು, ಪಕ್ಕೆ ತೋರಿಸಲಿಲ್ಲ. ತೋಳು ಸೋಲುವವರೆಗೆ ಕಾದು, ಮೆಲ್ಲಗೆ ಹೆದೆ ಇಳಿಸಿದರು, ಅದು ಓಡಿಹೋಯಿತು. "ಬಾಣ ಯಾಕೆ ಬಿಡಲಿಲ್ಲ?" ಎಂದಳು ಅಜ್ಜಿ. "ಎದುರಿನಿಂದ ಬಿಟ್ಟರೆ ಗಾಯವಾಗುತ್ತಿತ್ತು, ಸಾಯುತ್ತಿರಲಿಲ್ಲ. ಪೊದೆಯಲ್ಲಿ ಮೂರು ದಿನ ನರಳಬಾರದಲ್ಲ" ಎಂದರು ಕಾಮತರು. ಅಜ್ಜಿ ಸೊಂಟದ ಗೊಂಚಲಿನಿಂದ ತನ್ನ ರಾಂಚಿನ ಗೇಟಿನ ಬೀಗದ ಕೈ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು.