ಊಟಿಗೆ ಹೋಗದ ನಾಯಕಿ

ನನ್ನ ಪ್ರೇಮ ಕಾದಂಬರಿಯ ಮೊದಲ ಹತ್ತು ಅಧ್ಯಾಯ ಓದಿ ಬೆಂಗಳೂರಿನಿಂದ ಸಂಪಾದಕರೊಬ್ಬರು ಫೋನ್ ಮಾಡಿದರು. ಮೊಬೈಲ್‌ನಲ್ಲಿ ಕಥೆ ಓದಿಸುವ ಆ್ಯಪ್ ಒಂದರವರು.

"ಚೆನ್ನಾಗಿದೆ ಮೇಡಂ. ಆದ್ರೆ ಬೈಲಹೊಂಗಲದಲ್ಲಿ ಯಾರು ಲವ್ ಮಾಡ್ತಾರೆ? ಕಥೇನ ಊಟಿಗೆ ಶಿಫ್ಟ್ ಮಾಡಿ, ತಗೋತೀವಿ."

"ನಾ ಊಟಿ ನೋಡಿಲ್ರಿ ಸರ್."

"ನಾನೂ ನೋಡಿಲ್ಲ. ವಿಡಿಯೋ ನೋಡ್ಕೊಂಡು ಬರೀರಿ. ಹೋಗ್ಲಿ, ಕಿತ್ತೂರು ಕೋಟೆನಾದ್ರೂ ಇಡಿ."

ಯಾರು ಲವ್ ಮಾಡ್ತಾರೆ ಅಂದರೆ? ನಾವೆಲ್ಲ ಏನು ಜೋಳದ ಹೊಲದಲ್ಲಿ ಮೊಳಕೆಯೊಡೆದು ಬಂದವರೇ? ಕಿತ್ತೂರು ಕೋಟೆಯನ್ನು ನಾನು ನೋಡಿದ್ದು ಶಾಲೆಯ ಪ್ರವಾಸದಲ್ಲಿ, ಸಾಲು ತಪ್ಪಿದ್ದಕ್ಕೆ ಮಾಸ್ತರರಿಂದ ಬೈಸಿಕೊಳ್ಳುತ್ತ. ನನ್ನ ನಾಯಕಿಗೆ ಅಲ್ಲಿ ಏನೂ ಕೆಲಸವಿಲ್ಲ. ಅವಳು ಬೈಲಹೊಂಗಲದ ಹತ್ತಿರದ ದೊಡವಾಡದವಳು, ಅವನು ಕಟಕೋಳದವನು. ಭೇಟಿಯಾಗುವುದು ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ. ಊರು ಬದಲಿಸುವುದಿಲ್ಲ ಎಂದುಬಿಟ್ಟೆ.

"ಹಾಗಾದ್ರೆ ಆ ಬಸ್ ಸೀನು ಊಟಿ ಮರೆಯೋ ಹಾಗೆ ಬರೆದು ತೋರಿಸಿ. ಒಂದು ವಾರ ಟೈಮು."

ತೊಂದರೆಯೆಂದರೆ, ಆ ಸೀನನ್ನು ನಾನು ಮನೆಯಲ್ಲಿ ಕುಳಿತು ಮ್ಯಾಪ್ ನೋಡಿ ಬರೆದಿದ್ದೆ. ಕಿಟಕಿಗೆ ಅವಳು, ಪಕ್ಕದಲ್ಲಿ ಅವನು, ಗಾಳಿಗೆ ಅವಳ ಕೂದಲು ಅವನ ಮುಖದ ಮೇಲೆ. ನಿಜವಾಗಿ ಹೀಗಾಗುತ್ತದೆಯೇ? ನೋಡಿಯೇ ಬಿಡೋಣವೆಂದು ಮರುದಿನ ಹೊರಟೆ.

"ಹೆಂಗಸರಿಗೆ ಬಸ್ ಫುಕಟ್ ಐತಂತ ಹಿಂಗ ಊರೂರು ತಿರಗೂದೇನ?" ಎಂದಳು ಅವ್ವ.

ಸವದತ್ತಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಜನ ಸೀಟು ಹಿಡಿಯಲು ಕಿಟಕಿಯೊಳಗೆ ಟವೆಲ್ಲು, ಕೊಡೆ ಎಸೆದರು. ನಾನು ನೋಟ್‌ಬುಕ್ಕನ್ನೇ ಎಸೆದೆ. ಪಕ್ಕದಲ್ಲಿ ಬಂದು ಕುಳಿತವಳು ರಾಮದುರ್ಗದ ಒಬ್ಬ ಮುದುಕಿ. ಅವಳನ್ನೇ ಕೇಳಿದೆ.

"ಆಯೀ, ಈ ಬಸ್ಸಿನ್ಯಾಗ ಗುರುತಿಲ್ಲದ ಹುಡುಗಾ ಹುಡುಗಿ ಬಾಜೂಕ ಬಾಜೂಕ ಕುಂದ್ರತಾರೇನ್ರಿ?"

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕವಾ, ಹುಡುಗ ಎಲ್ಲಿ ನಿಂತಾನ?"

ಮುಂದಿನ ಸೀಟಿನವರು ಕಿಸಕ್ಕೆಂದರು.

"ಇಲ್ರೀ, ಕತಿ ಬರಿಯಾಕ ಹತ್ತೇನಿ."

"ಹಂಗಾರ ಬರಕೋ. ಕುಂತ್ರ ನಾವಾ ಎಬ್ಬಸತೇವಿ."

ನನ್ನ ಸೀನು ಅಲ್ಲೇ ಸತ್ತಿತು. ಅದರ ಮೇಲೆ ಗೆರೆ ಎಳೆಯುತ್ತಿದ್ದೆ, ಗದ್ದಲದಲ್ಲಿ ನಿಂತಿದ್ದ ಗಂಡಸೊಬ್ಬ "ಸ್ವಲ್ಪ ಹಿಡಕೋರಿ ಅಕ್ಕಾರ" ಎಂದು ತನ್ನ ಕೈಚೀಲವನ್ನು ನನ್ನ ತೊಡೆಯ ಮೇಲಿಟ್ಟು ಆ ಕಡೆ ತಿರುಗಿದ. ನಮ್ಮ ಕಡೆ ಹಾಗೆಯೇ. ನಿಂತವರ ಭಾರ ಕುಳಿತವರ ತೊಡೆಗೆ. ಬೇಡವೆನ್ನುವವರಿಲ್ಲ. ಸುತ್ತ ನೋಡಿದರೆ ಎಲ್ಲರ ತೊಡೆಯ ಮೇಲೂ ಪರರ ಚೀಲ. ಚಿಕ್ಕಂದಿನಿಂದ ಎಷ್ಟೋ ಹಿಡಿದಿದ್ದೇನೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಚೀಲ ಬೆಚ್ಚಗಿತ್ತು. ಒಳಗೆ ಆಗ ತಾನೇ ಕಟ್ಟಿದ ರೊಟ್ಟಿ ಇರಬೇಕು, ಬೆಳ್ಳುಳ್ಳಿ ಚಟ್ನಿಯ ವಾಸನೆ. ತಿರುವು ಬಂದಾಗಲೆಲ್ಲ ನನ್ನ ಕೈ ತಾನಾಗಿ ಅದನ್ನು ಅಪ್ಪಿ ಹಿಡಿಯುತ್ತಿತ್ತು. ಅವನು ನನ್ನನ್ನು ಒಮ್ಮೆಯೂ ನೋಡಲಿಲ್ಲ. ಚೀಲವನ್ನು ಮಾತ್ರ ಆಗಾಗ ನೋಡುತ್ತಿದ್ದ. ಕಟಕೋಳದಲ್ಲಿ ಅದನ್ನೆತ್ತಿಕೊಂಡು ಇಳಿದ.

"ನಿನ್ನ ಕತಿ ಇಳದ ಹೋತ ನೋಡವಾ" ಎಂದಳು ಮುದುಕಿ.

ರಾಮದುರ್ಗದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಹೊಸದಾಗಿ ಬರೆದೆ. ಅವನು ನಿಂತಿದ್ದಾನೆ, ಅವಳು ಕುಳಿತಿದ್ದಾಳೆ, ನಡುವೆ ಒಂದು ಬೆಚ್ಚಗಿನ ಚೀಲ. ಅಷ್ಟೇ. ಪುಟದ ಫೋಟೋ ತೆಗೆದು ಅಲ್ಲಿಂದಲೇ ಸಂಪಾದಕರಿಗೆ ಕಳಿಸಿದೆ.

ಎರಡು ದಿನದಲ್ಲಿ ಫೋನ್ ಬಂತು. "ಮೇಡಂ, ಟಚ್ಚೇ ಇಲ್ವಲ್ಲ! ಬ್ಯಾಗ್ ಹಿಡ್ಕೊಂಡ್ರೆ ಲವ್ ಆಗುತ್ತಾ? ಕೊನೇ ಸಲ ಕೇಳ್ತಿದೀನಿ, ಊಟಿ ಮಾಡ್ತೀರೋ ಇಲ್ವೋ?"

"ಇಲ್ರಿ ಸರ್. ಕಾದಂಬರಿ ವಾಪಸ್ ತಗೋತೇನಿ."

"ಓದೋರು ಬೇಡ್ವಾ ನಿಮಗೆ?"

ಬೇಕು. ಎಷ್ಟು ಬೇಕೆಂದು ಅವರಿಗೆ ಗೊತ್ತಿಲ್ಲ. ಆದರೆ ಸುಳ್ಳು ಸೀನು ಬರೆದು, ಅದನ್ನು ಆ ಬಸ್ಸಿನ ಹೆಂಗಸೊಬ್ಬಳು ಓದಿ, "ಹಂಗ ಆಗಂಗಿಲ್ಲ ಬಿಡ" ಎಂದು ನಕ್ಕರೆ ನಾನು ಯಾವ ಮುಖ ಹೊತ್ತು ತಿರುಗಲಿ?

ಫೋನಿಟ್ಟ ಮೇಲೆ ಹನ್ನೊಂದನೆಯ ಅಧ್ಯಾಯ ಟೈಪ್ ಮಾಡಲು ಕುಳಿತೆ. ಬೈಲಹೊಂಗಲದ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿದೆ.