ನೀರು ಬಿಟ್ಟು ಕೂತ ದಿನ

ಮದುವೆಯಾಗಿ ಬಸವೇಶ್ವರನಗರದ ಮನೆಗೆ ಬಂದ ವರ್ಷವೇ ನನಗೆ ಆ ದರಿದ್ರ ಬಾಯಾರಿಕೆ ಅಂಟಿಕೊಂಡಿತು. ಬಿಂದಿಗೆಗಟ್ಟಲೆ ಕುಡಿಯುವುದು, ಬಚ್ಚಲಿಗೆ ಓಡುವುದು, ಇಷ್ಟೇ ನನ್ನ ಸಂಸಾರ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಇದು ಸಣ್ಣ ಅಪರಾಧವಲ್ಲ. ಮೇಲಿನ ಪೋರ್ಷನ್ನಿನ ಬಾಡಿಗೆಯವರು ನೀರು ಖಾಲಿ ಮಾಡಿದ್ದಕ್ಕೂ ಬೈಗುಳ ನನಗೇ ಬಂತು.

"ಮತ್ತೆ ಫ್ಲಶ್ ಮಾಡಿದ್ಯೇನೇ? ಸಂಪು ಖಾಲಿ ಆಯ್ತು ಕಣೇ!" ಎಂದು ಅತ್ತೆ ಬಾಗಿಲ ಹೊರಗೇ ಕಾವಲು ನಿಲ್ಲುತ್ತಿದ್ದರು.

ಶುಗರ್ ಇರಲಿಲ್ಲ. ನೀರು ಹಿಡಿದಿಟ್ಟುಕೋ ಎಂದು ಕಿಡ್ನಿಗೆ ಹೇಳುವ ಹಾರ್ಮೋನು ಮೆದುಳಿನ ಬುಡದಿಂದ ಬರುತ್ತಿಲ್ಲವೇನೋ, ಇಲ್ಲವೇ ನನ್ನದು ಬರೀ ನೀರು ಕುಡಿಯುವ ಮನಸ್ಸಿನ ಚಟವೇನೋ ಎಂದರು ಡಾಕ್ಟರು. ನನ್ನ ಗಂಡ ಚಟದ ಪಕ್ಷ. ತೀರ್ಮಾನವಾಗಬೇಕಾದರೆ ಆಸ್ಪತ್ರೆಯಲ್ಲಿ ಹನಿ ನೀರೂ ಕುಡಿಯದೆ ಕೂರಬೇಕು. ಚಟವಾದರೆ ಉಚ್ಚೆ ಗಟ್ಟಿಯಾಗುತ್ತದೆ, ಕಾಯಿಲೆಯಾದರೆ ನೀರಿನಂತೆಯೇ ಹೋಗುತ್ತಿರುತ್ತದೆ. ಕಾಯಿಲೆಯೇ ಇರಲಪ್ಪಾ ಎಂದು ದೇವರಿಗೆ ಕೈಮುಗಿದೆ. ಹುಚ್ಚಿ ಅನ್ನಿಸಿಕೊಂಡು ಆ ಮನೆಯಲ್ಲಿ ಬಾಳುವುದು ನನ್ನಿಂದಾಗುತ್ತಿರಲಿಲ್ಲ.

ಮಧ್ಯಾಹ್ನಕ್ಕೆ ನಾಲಿಗೆ ಒಣಗಿ ಹೋಯಿತು. ನರ್ಸ್ ಆಚೆ ಹೋದದ್ದೇ ತಡ, ಜೊತೆಗಿದ್ದ ಅತ್ತೆ ಚೀಲದಿಂದ ಮಜ್ಜಿಗೆ ಬಾಟಲಿ ತೆಗೆದರು.

"ಕುಡಿಯೇ. ಬಾಯಾರಿದೋರ ಮುಂದೆ ಸುಮ್ನೆ ಕೂರೋಕೆ ನನ್ ಕೈಲಾಗಲ್ಲ."

ಫ್ಲಶ್ಶಿನ ಲೆಕ್ಕ ಇಡುವ ಹೆಂಗಸಿಗೆ ಧರ್ಮಬುದ್ಧಿ ಬಂದದ್ದಾದರೂ ಎಂಥ ಹೊತ್ತಿನಲ್ಲಿ! ನಾನೂ ನಾಚಿಕೆ ಬಿಟ್ಟು ಗಟಗಟ ಇಳಿಸಿದೆ. ಗಂಟೆಗೊಮ್ಮೆ ನನ್ನ ತೂಕ ನೋಡುತ್ತಿದ್ದರು; ಇಳಿಯಬೇಕಾದದ್ದು ಏರಿತ್ತು. ಪರೀಕ್ಷೆ ಕೆಟ್ಟಿತು.

"ಕದ್ದು ಕುಡಿದಿದಾಳೆ, ಚಟಾನೇ," ಎಂದ ಸಂಜೆ ಕರೆದೊಯ್ಯಲು ಬಂದ ಗಂಡ.

"ನಾನೇ ಕುಡಿಸಿದ್ದು ಕಣೋ, ಬಾಯ್ಮುಚ್ಚು," ಎಂದರು ಅತ್ತೆ. ನನ್ನ ಪರವಾಗಿ ಅವರು ಬಾಯಿಬಿಟ್ಟದ್ದು ಅದೇ ಮೊದಲು.

ಮುಂದಿನ ವಾರ ಮತ್ತೆ ಹೋದೆವು. ಅತ್ತೆ ಬರಿಗೈಯಲ್ಲಿ ಬಂದು ನನ್ನೆದುರು ಕೂತರು. ಗಂಡ ತಂದ ಕಾಫಿಯನ್ನೂ ಮುಟ್ಟಲಿಲ್ಲ. ನೀರು ಬಿಟ್ಟರೂ ನನ್ನ ಉಚ್ಚೆ ಗಟ್ಟಿಯಾಗಲಿಲ್ಲ. ಸಂಜೆ ಆ ಹಾರ್ಮೋನಿನ ಸೂಜಿ ಚುಚ್ಚಿದ ಮೇಲಷ್ಟೇ ಗಟ್ಟಿಯಾಯಿತು. ಕಾಯಿಲೆಯೇ! ಕುಣಿಯುವಷ್ಟು ಖುಷಿಯಾಯಿತು.

ನರ್ಸ್ ಒಂದು ಲೋಟ ನೀರು ಕೊಟ್ಟಳು. ಆಗ ಕಂಡಿತು, ಅತ್ತೆಯ ತುಟಿಯೂ ಒಣಗಿ ಬಿರಿದಿತ್ತು. ಬೆಳಗಿನಿಂದ ಅವರೂ ಒಂದು ಹನಿ ಕುಡಿದಿರಲಿಲ್ಲ. ನನಗೆ ಅಳು ಬಂತು.

ಲೋಟವನ್ನು ಅವರ ಕೈಗಿಟ್ಟೆ. "ಮೊದಲು ನೀವು ಕುಡೀರಿ ಅತ್ತೆ. ಫ್ಲಶ್ ಲೆಕ್ಕ ನಾನಿಟ್ಕೋತೀನಿ."